ವಾಸನೆ ತಿಳಿಯದೆ ಮಾಡಿದ ಕೀಮಾ ಪಾಸ್ತಾ

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಅಡುಗೆಮನೆಗೆ ಬಂದ ಸಾಬೆರಾ ಅವರು ಮೊದಲು ಒಲೆಯ ನಾಬ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲವೂ ಆಫ್ ಆಗಿದ್ದವು. ಸ್ವಲ್ಪ ಹೊತ್ತಿನ ಮುಂಚೆ ನೋಡಿದಾಗಲೂ ಆಫ್ ಆಗಿದ್ದವು. ಗ್ಯಾಸ್ ಸೋರಿದರೆ ತಮಗೆ ತಿಳಿಯುವುದಿಲ್ಲವೆಂಬ ಅರಿವು ಅವರನ್ನು ಒಂದು ಕಡೆ ಕೂರಲು ಬಿಡುತ್ತಿರಲಿಲ್ಲ. ಬೆವರಿನ ವಾಸನೆಯೂ ತಿಳಿಯದೆಂದು ದಿನಕ್ಕೆರಡು ಸಲ ಬಟ್ಟೆ ಬದಲಿಸುತ್ತಿದ್ದರು, ತಾರೀಖು ಮುಗಿಯುವ ಮೊದಲೇ ಹಾಲು ಚೆಲ್ಲುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಲವಂಗದ ಡಬ್ಬಿ, ಕಾಫಿಪುಡಿಯ ಡಬ್ಬಿ, ಗಂಡನ ಅತ್ತರಿನ ಶೀಶೆ, ಮೂರನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಮೂರರಲ್ಲೂ ಯಾವ ವಾಸನೆಯೂ ಇರುತ್ತಿರಲಿಲ್ಲ.

ಅದು 2021ರ ಮೇ ತಿಂಗಳು. ರಂಜಾನ್ ಮುಗಿಯಲು ಇನ್ನೊಂದು ವಾರವೂ ಇರಲಿಲ್ಲ. ಆ ಸಂಜೆ ಮಗಳು ನಮ್ರಾ ಲಾಸ್ ಏಂಜಲಿಸ್‌ನ ಪೋರ್ಟರ್ ರ್ಯಾಂಚ್‌ನಿಂದ ಕಾರು ಓಡಿಸಿಕೊಂಡು ಇಫ್ತಾರ್‌ಗೆ ಬರುವವಳಿದ್ದಳು. ಡಿಸೆಂಬರ್ ನಂತರ ಅವಳು ಮನೆಗೆ ಕಾಲಿಟ್ಟಿರಲಿಲ್ಲ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ. "ಅಮ್ಮಿ, ಆ ಪಾಸ್ತಾ ಮಾಡ್ತೀಯಾ?"

ಸಾಬೆರಾ ಅವರಿಗೆ ಆಗ ಐವತ್ತಾರು ವರ್ಷ. ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಓದಿದ್ದು ಗೃಹವಿಜ್ಞಾನ. ಗಂಡ ಕರೀಮ್ ಅವರ ಟೆಲಿಕಾಂ ಕೆಲಸದ ಜೊತೆ ಸ್ಯಾನ್ ಡಿಯಾಗೋಗೆ ಬಂದವರು ಮೊದಲು ಅಪಾರ್ಟ್‌ಮೆಂಟಿನಲ್ಲಿದ್ದು, ನಮ್ರಾ ಶಾಲೆಗೆ ಸೇರುವ ಹೊತ್ತಿಗೆ ಫೋರ್ ಎಸ್ ರ್ಯಾಂಚ್‌ನಲ್ಲಿ ಮನೆ ಮಾಡಿದರು. ಮಗಳು ದೊಡ್ಡವಳಾದ ಮೇಲೆ ಹತ್ತಿರದ ಶಾಲೆಯೊಂದರ ಊಟದ ಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡರು. ಕೋವಿಡ್‌ನಲ್ಲಿ ಶಾಲೆ ಮುಚ್ಚುವವರೆಗೂ ಅಲ್ಲೇ ಇದ್ದರು. ಅಳತೆಯ ಚಮಚ ಅವರು ಹಿಡಿಯುತ್ತಿದ್ದುದು ಶಾಲೆಯಲ್ಲಿ ಮಾತ್ರ. ಮನೆಯಲ್ಲಿ ಕೈ ಮತ್ತು ಮೂಗು ಸಾಕಾಗುತ್ತಿತ್ತು. ಅನ್ನಕ್ಕೆ ದಮ್ ಸಾಕೋ ಬೇಕೋ ಎಂದು ಅವರು ಹಜಾರದಲ್ಲಿ ಕೂತೇ ಹೇಳುತ್ತಿದ್ದರು.

ಪಾಸ್ತಾ ನಮ್ರಾಳಿಂದ ಬಂದದ್ದು. ಎಂಟನೇ ತರಗತಿಯಲ್ಲಿದ್ದಾಗ ಗೆಳತಿಯ ಮನೆಯಲ್ಲಿ ಕೆನೆ ಹಾಕಿದ, ಬೀಫ್ ಹಾಕಿದ ಪಾಸ್ತಾ ನೋಡಿ ಬಂದಳು. ಮಾಂಸ ಹಲಾಲ್ ಅಲ್ಲವೆಂದು ತಿನ್ನದೆ ಬಂದು, ಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು. ಮರುದಿನವೇ ಸಾಬೆರಾ ಅವರು ಮೀರಾ ಮೆಸಾದ ಹಲಾಲ್ ಅಂಗಡಿಯಿಂದ ಕೀಮಾ ತಂದರು. ಸಾಸ್‌ಗೆ ಬ್ಯಾಡಗಿ ಮೆಣಸಿನಪುಡಿ ಬಿತ್ತು, ಚಿಟಿಕೆ ಗರಂ ಮಸಾಲೆ ಬಿತ್ತು. ಅಂದಿನಿಂದ ಅದು ನಮ್ರಾಳ ಪಾಸ್ತಾ. ಪರೀಕ್ಷೆ ಮುಗಿದರೆ ಅದು, ಜ್ವರ ಬಿಟ್ಟರೆ ಅದು, ಕಾಲೇಜಿನಿಂದ ರಜೆಗೆ ಬಂದರೆ ಮೊದಲ ರಾತ್ರಿ ಅದೇ.

ಕಳೆದ ಡಿಸೆಂಬರ್‌ನಲ್ಲೂ ಅದನ್ನೇ ಮಾಡಿದ್ದರು. ನಮ್ರಾಗೆ ಗಂಟಲು ಕೆರೆಯುತ್ತಿತ್ತು. ಮರುಭೂಮಿಯ ಒಣಗಾಳಿ ಬೀಸುವ ಕಾಲದಲ್ಲಿ ಅವಳಿಗೆ ಪ್ರತಿವರ್ಷ ಹಾಗಾಗುತ್ತದೆ, ಅಲರ್ಜಿ ಎಂದಳು, ಎಲ್ಲರೂ ನಂಬಿದರು. ವಾರದೊಳಗೆ ಕರೀಮ್ ಕೋವಿಡ್‌ನಿಂದ ಆಸ್ಪತ್ರೆ ಸೇರಿದರು. ಆಮ್ಲಜನಕದ ಮೇಲಿದ್ದು, ಜನವರಿಯಲ್ಲಿ ಬಡಕಲಾಗಿ ಮನೆಗೆ ಬಂದರು. ಸಾಬೆರಾ ಅವರಿಗೆ ಎರಡು ದಿನ ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು.

ನಮ್ರಾ ಪೋರ್ಟರ್ ರ್ಯಾಂಚ್‌ಗೆ ಮರಳಿದವಳು ಅಲ್ಲೇ ಉಳಿದಳು. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಅಬ್ಬಾಗೆ ಉಸಿರಾಟ ಹೇಗಿದೆ, ಅಮ್ಮಿಗೆ ವಾಸನೆ ಬಂತಾ? ಈ ಎರಡು ಪ್ರಶ್ನೆ ತಪ್ಪುತ್ತಿರಲಿಲ್ಲ. ಬಾ ಎಂದರೆ, "ನಾನು ಬಂದ್ರೆ ಮತ್ತೆ ಏನಾದ್ರೂ ತರ್ತೀನಿ" ಅನ್ನುತ್ತಿದ್ದಳು. ಫೆಬ್ರವರಿಯ ಒಂದು ಭಾನುವಾರ ಸಾಬೆರಾ ಅವರು, ವಾಸನೆ ಪೂರ್ತಿ ಬಂತು ಎಂದರು. ಆ ಕಡೆ ಮಗಳು ಉಸಿರು ಬಿಟ್ಟದ್ದು ಕೇಳಿಸಿತು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಮೇಲೆ ಮನಸ್ಸಾಗಲಿಲ್ಲ.

ಹೀಗಾಗಿ ಅವತ್ತಿನ ಪಾಸ್ತಾ ಮೊದಲಿನಂತೆಯೇ ಬರಬೇಕಿತ್ತು. ಒಂದು ತುತ್ತಿನಲ್ಲಿ ಸುಳ್ಳು ಬಯಲಾದರೆ ಮಗಳು ಇನ್ನಷ್ಟು ದೂರ ಸರಿಯುತ್ತಾಳೆ ಎಂದು ಅವರು ಹೆದರಿದ್ದರು.

ರಂಜಾನ್ ತಿಂಗಳು ಅವರಿಗೆ ಒಂದು ಅನುಕೂಲ ಮಾಡಿಕೊಟ್ಟಿತ್ತು. ಉಪವಾಸದಲ್ಲಿ ರುಚಿ ನೋಡದೆ ಅಡುಗೆ ಮಾಡುವುದು ಆ ಮನೆಯಲ್ಲಿ ಹೊಸದಲ್ಲ. ಪಕ್ಕದ ಮನೆಯ ರಾಜಲಕ್ಷ್ಮಿ ಅವರೂ ಮೈಸೂರಿನವರೇ, ಅಗ್ರಹಾರದವರು. ವರ್ಷಗಳಿಂದ ರಂಜಾನ್‌ನಲ್ಲಿ ಸಂಜೆಗೆ ಮುಂಚೆ ಹಿತ್ತಲ ಬಾಗಿಲಿಗೆ ಬಂದು, ಸಾಬೆರಾ ಅವರ ಅಡುಗೆಗೆ ಉಪ್ಪು ಖಾರ ನೋಡಿ ಹೋಗುತ್ತಿದ್ದರು. ಅವರು ಸಸ್ಯಾಹಾರಿ. ಆದ್ದರಿಂದ ಮಸಾಲೆ ಒಂದು ಬಾಣಲೆಯಲ್ಲಿ, ಮಾಂಸ ಇನ್ನೊಂದರಲ್ಲಿ. ರಾಜಲಕ್ಷ್ಮಿ ಅವರು "ಸರಿ ಇದೆ" ಎಂದು ಮನೆಗೆ ಹೋದ ಮೇಲೆಯೇ ಎರಡನ್ನೂ ಸೇರಿಸುವುದು. ಪಾಸ್ತಾದ ಚೀಸ್ ಕೂಡ ಇಬ್ಬರೂ ಕೂತು ಹುಡುಕಿದ್ದು. ಹಾಲು ಒಡೆಯಲು ಕರುವಿನ ಹೊಟ್ಟೆಯ ಅಂಶ ಬಳಸದ ಆ ಚೀಸ್ ಇಬ್ಬರ ಮನೆಗೂ ನಡೆಯುತ್ತಿತ್ತು.

ಈ ರಂಜಾನ್‌ನಲ್ಲಂತೂ ಅವರು ಬಂದಾಗಲೆಲ್ಲ "ಖಾರ ಸ್ವಲ್ಪ ಇಳಿಸಿ" ಅನ್ನುತ್ತಿದ್ದರು. ಸಾಬೆರಾ ಅವರು ಇಳಿಸುತ್ತಿದ್ದರು.

ಅವತ್ತು ಕೀಮಾವನ್ನು ಜರಡಿಯಲ್ಲಿ ಸೋರಲು ಬಿಟ್ಟು, ಬೆಣ್ಣೆ ಕರಗಿಸಿ, ಈರುಳ್ಳಿ ಕೆಂಪಗೆ ಮಾಡಿ, ಬೆಳ್ಳುಳ್ಳಿ ಹಾಕುವಾಗ ಫೋನ್ ಸದ್ದಾಯಿತು. ನಮ್ರಾಳ ಮೆಸೇಜು. 405 ಹೆದ್ದಾರಿಯಲ್ಲಿ ಕಾರು ನಿಂತಲ್ಲೇ ನಿಂತಿದೆ, ತಡವಾಗಬಹುದು. ಸಾಬೆರಾ ಅವರು ಅದನ್ನು ಎರಡು ಸಲ ಓದಿದರು, ಉತ್ತರ ಬರೆದು ಅಳಿಸಿದರು. ಅಷ್ಟರಲ್ಲಿ ಹಿತ್ತಲಿನಿಂದ ರಾಜಲಕ್ಷ್ಮಿ ಅವರ ದನಿ ಕೇಳಿತು.

"ಸಾಬೆರಾ, ಬೆಳ್ಳುಳ್ಳಿ ಸೀದು ಹೋಗ್ತಿದೆ."

ತಿರುಗಿ ನೋಡಿದರೆ ಬಾಣಲೆಯ ತಳ ಕಪ್ಪಾಗಿತ್ತು. ಒಲೆ ಆರಿಸಿದರು. ರಾಜಲಕ್ಷ್ಮಿ ಅವರು ಬಾಗಿಲಲ್ಲೇ ನಿಂತರು.

"ಒಲೆ ಮುಂದೇನೇ ಇದೀರ. ನನಗೆ ಬೇಲಿ ಆಚೆ ಬಂತು ವಾಸನೆ. ನಿಮಗೆ ಬರ್ಲಿಲ್ವಾ?"

ಸಾಬೆರಾ ಅವರು ಬಾಣಲೆಯನ್ನು ಸಿಂಕಿಗಿಟ್ಟು ನೀರು ಬಿಟ್ಟರು.

"ಯಾವಾಗಿಂದ?" ಎಂದರು ರಾಜಲಕ್ಷ್ಮಿ.

"ಡಿಸೆಂಬರ್."

"ಕರೀಮ್ ಅವರಿಗೆ ಗೊತ್ತಾ?"

"ಇಲ್ಲ ಅನ್ಕೊಂಡಿದೀನಿ. ವಾಪಸ್ ಬಂತು ಅಂತ ಇಬ್ರಿಗೂ ಹೇಳಿದೀನಿ. ನಮ್ರಾಗಂತೂ ಗೊತ್ತಾಗಬಾರದು. ಗೊತ್ತಾದ್ರೆ ಎಲ್ಲಾ ತನ್ನಿಂದಲೇ ಅಂತ ತಲೆ ಮೇಲೆ ಹೊತ್ಕೊಂಡು ಕೂರ್ತಾಳೆ. ಆಮೇಲೆ ಅವಳು ಬರಲ್ಲ, ರಾಜಿ. ನೀವು ಸಾಸ್ ನೋಡಿ ಹೇಳಿಬಿಡಿ, ಅಷ್ಟಾದ್ರೆ ಸಾಕು."

"ಅದನ್ನೇ ಹೇಳೋಕೆ ಬಂದೆ. ಇವತ್ತು ಏಕಾದಶಿ. ಈರುಳ್ಳಿ ಬೆಳ್ಳುಳ್ಳಿ ಬಾಯಿಗೆ ಇಡಲ್ಲ."

ರುಚಿ ನೋಡಲು ಯಾರೂ ಇರಲಿಲ್ಲ. ಒಬ್ಬರದು ರೋಜಾ, ಇನ್ನೊಬ್ಬರದು ಏಕಾದಶಿ. ಮನೆಯಲ್ಲಿ ಕರೀಮ್‌ಗೂ ಉಪವಾಸ.

"ಬಾಯಿಗೆ ಇಡಲ್ಲ ಅಂದೆ. ಮೂಗಿಗೆ ವ್ರತ ಇಲ್ಲ" ಎಂದರು ರಾಜಲಕ್ಷ್ಮಿ. ಹಿತ್ತಲಿನ ಕುರ್ಚಿಯೊಂದನ್ನು ಬಾಗಿಲ ಬಳಿಗೆ ಎಳೆದು, ಅಡುಗೆಮನೆಗೆ ಬೆನ್ನು ಹಾಕಿ, ನಿಂಬೆ ಗಿಡದ ಕಡೆ ಮುಖ ಮಾಡಿ ಕೂತರು. "ಜರಡಿಯಲ್ಲಿರೋ ಅದನ್ನು ಕಣ್ಣಿಗೆ ಮಾತ್ರ ತೋರಿಸ್ಬೇಡಿ. ಮೂಗು ಇವತ್ತು ನಿಮಗೆ ಬಾಡಿಗೆಗೆ."

ಮತ್ತೆ ಬೆಣ್ಣೆ, ಮತ್ತೆ ಈರುಳ್ಳಿ. ಬೆಳ್ಳುಳ್ಳಿ ಹಾಕಿದ ಮೇಲೆ "ಈಗ" ಎಂದರು ರಾಜಲಕ್ಷ್ಮಿ. ಸಾಬೆರಾ ಅವರು ಟೊಮೆಟೊ ಪೇಸ್ಟ್ ಹಾಕಿ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಹುರಿದರು. "ಹಸಿ ವಾಸನೆ ಹೋಯ್ತು." ಮೆಣಸಿನಪುಡಿ ಬಿತ್ತು, ರಾಜಲಕ್ಷ್ಮಿ ಒಂದು ಸಲ ಸೀನಿದರು. ಸಾಬೆರಾ ಅವರು ಉರಿ ಸಣ್ಣ ಮಾಡಿ ಕೆನೆ ಸುರಿದರು.

ಇನ್ನೊಂದು ಬಾಣಲೆ ಒಲೆಗೆ ಬಂದಾಗ ಸಾಬೆರಾ ಅವರು, "ನೀವಿನ್ನು ಹೊರಡಿ ರಾಜಿ. ಕೀಮಾ ಹಾಕ್ತೀನಿ" ಎಂದರು.

"ಅದು ಸೀದ್ರೆ ಯಾರು ಹೇಳ್ತಾರೆ?"

"ನಿಮಗೆ ಕಷ್ಟ ಆಗತ್ತೆ."

"ಆಗತ್ತೆ. ಬೇಗ ಮುಗಿಸಿ."

ಕೀಮಾ ಮೊದಲು ನೀರು ಬಿಡುತ್ತದೆ. ನೀರು ಇಂಗಿ, ತನ್ನದೇ ಕೊಬ್ಬಿನಲ್ಲಿ ಹುರಿಯತೊಡಗಿದಾಗ ಸದ್ದು ಬದಲಾಗುತ್ತದೆ. ಆ ಸದ್ದನ್ನು ಗುರುತಿಸಲು ಸಾಬೆರಾ ಅವರು ಈ ತಿಂಗಳುಗಳಲ್ಲಿ ಕಲಿತಿದ್ದರು. ರಾಜಲಕ್ಷ್ಮಿ ಅವರು ಓಢಣಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು, ಮೂಗಿಗೆ ತರಲಿಲ್ಲ.

"ಹುಟ್ಟಿದಾಗಿಂದ ಕೂಡಿಟ್ಟ ಪುಣ್ಯ ಎಲ್ಲಾ ಇವತ್ತಿಗೆ ಚುಕ್ತಾ" ಎಂದರು ನಿಂಬೆ ಗಿಡಕ್ಕೆ.

"ರಂಜಾನ್‌ನಲ್ಲಿ ಪುಣ್ಯ ಎಪ್ಪತ್ತು ಪಟ್ಟು. ನನ್ನದರಲ್ಲಿ ಅರ್ಧ ತಗೊಳ್ಳಿ."

"ಬೇಡಮ್ಮ. ನಮ್ಮತ್ತೆ ಮೇಲಿಂದ ನೋಡ್ತಿರ್ತಾರೆ, ಎಲ್ಲಿ ಸಿಕ್ತು ಅಂತ ಕೇಳಿದ್ರೆ ಏನು ಹೇಳಲಿ?" ಸ್ವಲ್ಪ ತಡೆದು, "ಈಗ ತೆಗೀರಿ. ಇನ್ನು ಬಿಟ್ಟರೆ ಹತ್ತತ್ತೆ" ಎಂದರು.

ದೀಪ ಹಚ್ಚುವ ಹೊತ್ತಾಯಿತೆಂದು ರಾಜಲಕ್ಷ್ಮಿ ಮನೆಗೆ ಹೋದರು. ಸಾಬೆರಾ ಅವರು ಕೀಮಾವನ್ನು ಸಾಸಿಗೆ ಸೇರಿಸಿದರು. ಪಾಸ್ತಾ ಬೇಯಿಸಿದ ನೀರು ಒಂದು ಸೌಟು ಹಾಕಿ, ಬೆಂದ ಪೆನ್ನೆ ಪಾಸ್ತಾ ಹಾಕಿ, ಒಲೆ ಆರಿಸಿ ಚೀಸ್ ತುರಿದರು. ಬಣ್ಣ ಸರಿಯಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು.

ನಿಲ್ಲಿಸಲಾಗಲಿಲ್ಲ. ನಮ್ರಾ ಇನ್ನೂ ಬಂದಿರಲಿಲ್ಲ. ಹಜಾರಕ್ಕೆ ಹೋಗಿ ಕಿಟಕಿಯಿಂದ ರಸ್ತೆ ನೋಡಿದರು, ಮರಳಿ ಬಂದು ನಾಬ್ ಮುಟ್ಟಿದರು. ಅಡುಗೆ ಮಾಡುವವರು ನಾಲಗೆಯ ತುದಿಗೆ ಮುಟ್ಟಿಸಿ ಉಗಿದುಬಿಟ್ಟರೆ ರೋಜಾ ಮುರಿಯುವುದಿಲ್ಲ ಎಂದು ಅವರ ತಾಯಿ ಹೇಳಿಕೊಟ್ಟಿದ್ದರು. ಚಮಚದ ತುದಿಯನ್ನು ನಾಲಗೆಗೆ ಮುಟ್ಟಿಸಿದರು. ಡಿಸೆಂಬರಿನಿಂದ ಊಟದಲ್ಲಿ ಅವರಿಗೆ ಚೆನ್ನಾಗಿ ತಿಳಿಯುತ್ತಿದ್ದುದು ಖಾರದ ಉರಿಯೊಂದೇ. ಈಗ ಕೆನೆ ಅದನ್ನೂ ಮುಚ್ಚಿತ್ತು. ಸಪ್ಪೆ ಅನ್ನಿಸಿತು. ಒಂದು ಚಮಚ ಮೆಣಸಿನಪುಡಿ ಹಾಕಿ ಕಲಸಿದರು. ಮತ್ತೆ ಮುಟ್ಟಿಸಿ, ಉಗಿದು, ಬಾಯಿ ಮುಕ್ಕಳಿಸಿದರು. ಇನ್ನೊಂದು ಹಾಕಿದರು. ಕಿಟಕಿಗೆ ಹೋಗಿ ಬಂದ ಮೇಲೆ ಮತ್ತೊಂದು.

ಸೂರ್ಯ ಮುಳುಗುವ ಸ್ವಲ್ಪ ಮುಂಚೆ ನಮ್ರಾ ಬಂದಳು. ಮಾಸ್ಕ್ ತೆಗೆಯದೆ ಬಾಗಿಲಲ್ಲೇ ನಿಂತು, ಲಸಿಕೆ ಎರಡೂ ಆಗಿದೆ, ಬೆಳಿಗ್ಗೆ ಟೆಸ್ಟೂ ಮಾಡಿಸಿದೆ ಎಂದಳು. ಕರೀಮ್ ಅವಳ ತಲೆ ಮೇಲೆ ಕೈಯಿಟ್ಟರು. "ಡಿನ್ನರ್ ಮುಗಿಸಿ ಹೊರಟುಬಿಡ್ತೀನಿ, ಓಕೆ?" ಎಂದಳು. ಸಾಬೆರಾ ಅವರು ಆಗಲಿ ಎಂದರು.

ಖರ್ಜೂರ, ನೀರು, ನಮಾಜು. ಆಮೇಲೆ ತಟ್ಟೆಗಳು ಬಂದವು. ನಮ್ರಾ ಒಂದು ತುತ್ತು ತಿಂದು ಫೋರ್ಕ್ ಕೆಳಗಿಟ್ಟಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿ ಇಳಿಯಿತು.

"ಅಳ್ತಾರಾ ಬೇಟಾ? ಬಂದಿದೀಯಲ್ಲ, ಆಯ್ತಲ್ಲ" ಎಂದು ಸಾಬೆರಾ ಅವರು ಅವಳ ಬೆನ್ನು ಸವರಿದರು.

ನಮ್ರಾ ಮಾತಾಡಲಾಗದೆ ನೀರಿನ ಲೋಟಕ್ಕೆ ಕೈ ಚಾಚಿದಳು. ಕುಡಿದು, ಕೆಮ್ಮಿ, ಎದುರಿಗೆ ನೋಡಿದಳು. ಕರೀಮ್ ತಲೆ ತಗ್ಗಿಸಿ ನಿಧಾನವಾಗಿ ತಿನ್ನುತ್ತಿದ್ದರು. ಅವರ ಪಕ್ಕದಲ್ಲಿ ಒಂದು ಲೋಟ ಹಾಲಿತ್ತು. ಎರಡು ತುತ್ತಿಗೊಮ್ಮೆ ಒಂದು ಗುಟುಕು ಕುಡಿಯುತ್ತಿದ್ದರು, ಬಹಳ ದಿನದ ಅಭ್ಯಾಸವಿದ್ದವರಂತೆ.

"ಅಬ್ಬಾ, ಇದನ್ನು ಹೇಗೆ ತಿಂತಿದೀರ?"

"ಚೆನ್ನಾಗಿದೆಯಲ್ಲ" ಎಂದರು ಕರೀಮ್.

"ಹಾಲು ಯಾಕೆ ಇಟ್ಕೊಂಡಿದೀರ?"

ಕರೀಮ್ ಹೆಂಡತಿಯ ಮುಖ ನೋಡಿದರು. ಸಾಬೆರಾ ಅವರಿಗೆ ಆಗ ತಿಳಿಯಿತು. ಜನವರಿಯಿಂದ ಏಪ್ರಿಲ್‌ವರೆಗೆ, ಖಾರ ನೋಡಲು ರಾಜಲಕ್ಷ್ಮಿ ಬರದಿದ್ದ ತಿಂಗಳುಗಳಲ್ಲಿ, ಊಟದ ಮೇಜಿಗೆ ಆ ಹಾಲಿನ ಲೋಟ ಬರುತ್ತಲೇ ಇತ್ತು. ಆಸ್ಪತ್ರೆಯಿಂದ ಬಂದವರಿಗೆ ಶಕ್ತಿ ಬೇಕು ಎಂದುಕೊಂಡು ಅವರೇ ಕಾಯಿಸಿ ಕೊಡುತ್ತಿದ್ದರು.

"ಅಮ್ಮಿ. ಲವಂಗ ಎಲ್ಲಿದೆ? ಮೂಸಿ ತೋರಿಸು." ನಮ್ರಾ ಎದ್ದಳು.

"ಬೇಡ, ಕೂತ್ಕೋ. ಬಂದಿಲ್ಲ. ವಾಸನೆ ಬಂದಿಲ್ಲ."

"ಫೆಬ್ರವರಿಯಲ್ಲಿ ಬಂತು ಅಂದೆ."

"ಅಂದೆ."

"ಎವ್ರಿ ಸಂಡೇ ಕೇಳ್ದೆ. ಎವ್ರಿ ಸಿಂಗಲ್ ಸಂಡೇ." ಅವಳ ದನಿ ಏರಿತು. "ಡಾಕ್ಟರ್‌ಗೆ ಹೇಳಿದೀಯಾ? ಇಲ್ಲ. ಅಬ್ಬಾಗೆ ಗೊತ್ತು, ಅವರೂ ಹೇಳಲ್ಲ. ಗ್ಯಾಸ್ ಲೀಕ್ ಆದ್ರೆ? ಯೂ ಕುಡ್ ಹ್ಯಾವ್ ಡೈಡ್, ಅಮ್ಮಿ. ಹಾಲು ಕುಡ್ಕೊಂಡು ಸುಮ್ನೆ ಕೂತಿದೀರ ಇಬ್ರೂ."

"ನಿಜ ಹೇಳಿದ್ದರೆ ನೀನು ಇವತ್ತು ಬರ್ತಿದ್ಯಾ?" ಎಂದರು ಸಾಬೆರಾ.

ನಮ್ರಾ ಒಲೆಯ ಕಡೆ ತಿರುಗಿದಳು. ಫ್ರಿಜ್ಜಿನಿಂದ ಉಳಿದ ಕೆನೆಯನ್ನೆಲ್ಲ ತಂದು ಬಾಣಲೆಗೆ ಸುರಿದಳು, ಒಲೆ ಹಚ್ಚಿ ಕಲಸಿದಳು. ಕಲಸುತ್ತಲೇ ಬೈದಳು. ಅಳುವ ಮಗಳನ್ನು ಹೇಗೆ ಸಮಾಧಾನ ಮಾಡುವುದೆಂದು ಸಾಬೆರಾ ಅವರು ನಾಲ್ಕು ತಿಂಗಳು ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದರು. ಬೈಯುವ ಮಗಳಿಗೆ ಅವರ ಬಳಿ ಏನೂ ತಯಾರಿರಲಿಲ್ಲ. ಅವರು ಪಕ್ಕದಲ್ಲಿ ನಿಂತು, ಉರಿ ಸಣ್ಣ ಮಾಡು, ಕೆನೆ ಒಡೆಯತ್ತೆ ಎಂದರು.

"ಐ ನೋ."

"ಗೊತ್ತಿದ್ರೆ ಮಾಡು."

ಉರಿ ಸಣ್ಣದಾಯಿತು. ನಮ್ರಾ ರುಚಿ ನೋಡಿದಳು, ಇನ್ನಷ್ಟು ಚೀಸ್ ತುರಿದಳು. "ಈದ್‌ಗೆ ಬುಧವಾರಾನೇ ಬರ್ತೀನಿ. ಲ್ಯಾಪ್‌ಟಾಪ್ ತರ್ತೀನಿ, ಇಲ್ಲಿಂದಲೇ ಕೆಲಸ ಮಾಡ್ತೀನಿ. ಡಾಕ್ಟರ್ ಅಪಾಯಿಂಟ್‌ಮೆಂಟ್ ನಾನೇ ತಗೋತೀನಿ. ಬಿರಿಯಾನಿಗೆ ಖಾರ ನಾನು ಹಾಕ್ತೀನಿ. ನೀನು ಆ ಡಬ್ಬಿ ಮುಟ್ಟೋ ಹಾಗಿಲ್ಲ."

"ಬಿರಿಯಾನಿ ನಿನಗೆ ಬರಲ್ಲ."

"ನೀನು ಹೇಳ್ಕೊಡು. ನಾನು ರುಚಿ ನೋಡ್ತೀನಿ."

"ಅವತ್ತೂ ರೋಜಾ ಇರತ್ತೆ. ಹೇಗೆ ನೋಡ್ತೀಯ?"

"ರಾಜಿ ಆಂಟಿನ ಕರೀತೀನಿ."

"ಡಬ್ಬಿ ಮಾತ್ರ ಕೊಡಲ್ಲ" ಎಂದರು ಸಾಬೆರಾ. "ಅಳತೆ ಮಾಡಿ ಹಾಕ್ತೀನಿ. ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಅಳತೆ ಮಾಡೇ ಹಾಕ್ತಿದ್ದೆ."

"ಇವತ್ತೂ ಅಳತೆ ಮಾಡಿದ್ಯಾ?"

ಕರೀಮ್ ತಮ್ಮ ತಟ್ಟೆಯನ್ನು ಮುಂದಕ್ಕೆ ಚಾಚಿ, ಜಗಳ ಆಮೇಲೆ ಆಡಿ, ಮೊದಲು ಅದನ್ನು ಇಷ್ಟು ಹಾಕಿ ಎಂದರು.