ತಣ್ಣಗಿದ್ದ ಬಾನೆಟ್ಟು

ನಿಂತ ಕಾರಿನ ಬಾನೆಟ್ಟು ಮುಟ್ಟಿ ನೋಡುವ ಚಟ ನನಗಿದೆ. ಇವತ್ತು ರಾಯದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ಯಾರದೋ ಕಾರು ಮುಟ್ಟಿದೆ. ಒಳಗಿದ್ದವರು ಗಾಜು ಇಳಿಸಿ, "ಏನ್ ಬೇಕಾಗಿತ್ರಿ?" ಅಂದರು. ಅವರಿಗೇನು ಹೇಳಲಿ? ನಿಮಗೆ ಹೇಳುತ್ತೇನೆ, ನೀವೂ ಒಂದು ದಿನ ಹಳೆಯ ಕಾರು ಕೊಳ್ಳಲು ಹೊರಡುವವರೇ.

ನನ್ನ ಹೆಂಡತಿ ಶೈಲಜಾ ರಾಯದುರ್ಗದ ನಮ್ಮ ಮನೆಯಿಂದ ದಿನಾ ಬೊಮ್ಮನಹಾಳಿಗೆ ಹೋಗಿಬರುವ ಟೀಚರು. ಐದು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಮೊಣಕಾಲು ಮುರಿಯಿತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗದು. ಕಾರು ಓಡಿಸಲು ಕಲಿತಳು, ಆದರೆ ಲಾರಿ ಕಂಡರೆ ನಡುರಸ್ತೆಯಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಇನ್ನು ಕೆಲಸ ಬಿಡುವುದೇ ಸರಿ ಎಂದು ಕೂತಿದ್ದಳು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಆ ಶಾಲೆಯ ಮಾತೇ ಸದ್ದು.

ಮಡಕಶಿರದಲ್ಲಿರುವ ನಮ್ಮ ಅಕ್ಕ ಒಂದು ಸೆಡಾನ್ ಹುಡುಕಿಕೊಟ್ಟಳು. ನಿವೃತ್ತ ಬಸ್ ಡ್ರೈವರ್ ಹನುಮಂತರಾಯಪ್ಪನವರದು. ನಾನೋ ಒಂದೇ ಮಿಷನ್ನಿನಿಂದ ಜೀನ್ಸ್ ಹೊಲಿದು ಮೇಲೆ ಬಂದವನು. ಕೊಳ್ಳುವ ಬಟ್ಟೆಯ ಥಾನು ಎಷ್ಟೇ ಚೆನ್ನಾಗಿರಲಿ, ಮುಖ ಹುಳಿ ಮಾಡಿಕೊಂಡರೆ ಅರ್ಧ ವ್ಯಾಪಾರ ಮುಗಿದಂತೆ. ಶೈಲಜಾಗೂ ಹಾಗೇ ಹೇಳಿಕೊಟ್ಟಿದ್ದೆ.

"ಈ ಹುಳಿ ಮಾರಿ ಎಷ್ಟೊತ್ತು ಹಿಂಗ ಇಟ್ಕೊಂಡಿರ್ಬೇಕ್ರಿ?" ಎಂದು ಅಕ್ಕನ ಮನೆಯಿಂದ ಹೊರಡುವಾಗಲೇ ಕೇಳಿದಳು.

ಬೆಳಿಗ್ಗೆ ಆರಕ್ಕೇ ಬರಲು ಹೇಳಿದ್ದ ಹನುಮಂತರಾಯಪ್ಪ ಬೀಗದ ಕೈ ಹಿಡಿದು ಅಂಗಳದಲ್ಲಿ ನಿಂತಿದ್ದರು. "ಮೊದ್ಲು ಬಾನೆಟ್ ಮುಟ್ ನೋಡಿ ಸ್ವಾಮಿ. ತಣ್ಣಗೈತಾ? ಬಿಸಿ ಮಾಡಿಟ್ಟ ಇಂಜಿನ್ನು ಸುಳ್ಳೇಳ್ತೈತೆ, ಸ್ಟಾರ್ಟ್ ಆಗೋ ತೊಂದ್ರೆ ಮುಚ್ಚಾಕ್ತೈತೆ."

ಮುಟ್ಟಿದೆ. ತಣ್ಣಗಿತ್ತು. ಆದರೂ ಬಿಡುವವನೇ ನಾನು? "ಈ ಬಾಗ್ಲಿಗೆ ಬಣ್ಣ ಹೊಡ್ಸಿದಂಗೈತ್ರಿ."

"ಹೊಡ್ಸಿದ್ದೇ. ಎಮ್ಮೆ ಗುದ್ದಿತ್ತು. ಹಿಂದ್ಲ ಚಕ್ರದ ಹತ್ರ ಸದ್ದೈತೆ. ಮಧ್ಯಾಹ್ನ ಎ.ಸಿ. ಸಾಕಾಗಲ್ಲ. ಅವನ್ನೂ ಬರ್ಕಳಿ."

ಮಾರುವವನೇ ಐಬೆಲ್ಲ ಹೇಳಿಬಿಟ್ಟರೆ ಇನ್ನು ಯಾವುದನ್ನು ಹಿಡಿದು ಬೆಲೆ ಜಗ್ಗುವುದು?

"ಓಡ್ಸೋರು ಯಾರು?" ಎಂದು ಅವರೇ ಕೇಳಿದರು.

"ನಮ್ಮನಿಯಾಕಿರಿ."

"ಹಂಗಾರೆ ನೀವ್ ಹಿಂದೆ ಕೂತ್ಕಳಿ."

ಅವರು ಅವಳ ಪಕ್ಕ ಕೂತರು. ಪಾವಗಡದ ದಾರಿಯಲ್ಲಿ ಎದುರಿಗೆ ಕಡಲೆಕಾಯಿ ಲಾರಿ ಬಂತು. ಶೈಲಜಾ ಗಕ್ಕನೆ ನಿಲ್ಲಿಸಿಬಿಟ್ಟಳು. ನಾನು ಬೈಯಲು ಬಾಯಿ ತೆರೆದೆ. ಮೂವತ್ತು ವರ್ಷ ಬಸ್ಸು ಓಡಿಸಿದ ಆ ಮನುಷ್ಯ ಸ್ಟೀರಿಂಗಿನತ್ತ ಕೈಯನ್ನೂ ಚಾಚಲಿಲ್ಲ.

"ಒಳ್ಳೇದಾಯ್ತಮ್ಮ, ಬ್ರೇಕು ನೋಡ್ದಂಗಾಯ್ತು. ಈಗ ಹೊರಡಿ."

ಅಷ್ಟೇ. ವಾಪಸು ಬರುವಾಗ ಇನ್ನೆರಡು ಲಾರಿ ಎದುರಾದವು, ಅವಳು ನಿಲ್ಲಿಸಲಿಲ್ಲ. ಇಳಿಯುವಷ್ಟರಲ್ಲಿ ಹುಳಿ ಮುಖ ಮರೆತು ನಗುತ್ತಿದ್ದಳು. ಹನುಮಂತರಾಯಪ್ಪ ನನ್ನತ್ತ ತಿರುಗಿ, "ಅಮ್ಮ ನಗ್ತಾವ್ರೆ. ಇನ್ ನಿಮ್ ಚೌಕಾಸಿ ನಡಿಯಕ್ಕಿಲ್ಲ ಬಿಡಿ" ಅಂದರು. ಹೇಳಿದ ಬೆಲೆಗೇ ಕೊಂಡೆ. ಜನ್ಮದಲ್ಲಿ ಅದೊಂದೇ ಸಲ.

ಹಾಗಾಗಿ ಹೇಳುತ್ತೇನೆ: ಕಾರನ್ನು ತಣ್ಣಗಿರುವಾಗ ನೋಡಿ, ಐಬುಗಳನ್ನು ಮಾರುವವರ ಬಾಯಿಂದಲೇ ಕೇಳಿ, ದಿನಾ ಓಡಿಸುವವರ ಕೈಗೇ ಮೊದಲು ಕೊಡಿ. ಇದು ನನ್ನ ಬುದ್ಧಿಯಲ್ಲ, ಅವರದು. ಈಗಲೂ ಫೋನ್ ಮಾಡಿದರೆ ಗಾಡಿಯ ಮಾತೆತ್ತುವುದಿಲ್ಲ, "ಅಮ್ಮ ಚೆನ್ನಾಗವ್ರಾ?" ಎಂದಷ್ಟೇ ಕೇಳುತ್ತಾರೆ.

ಮೊದಮೊದಲು ಅವಳು ಹೊರಟರೆ ತಿರುವಿನಲ್ಲಿ ಮರೆಯಾಗುವವರೆಗೆ ಗೇಟು ಹಿಡಿದು ನಿಂತಿರುತ್ತಿದ್ದೆ. ಆಮೇಲೆ ಶಾಲೆ ತಲುಪಿದ ಫೋನು ಬರುವವರೆಗೆ ಮಿಷನ್ನಿನ ಮುಂದೆ ಕೂರುತ್ತಿರಲಿಲ್ಲ. ಇವತ್ತು ಅವಳು ಹೊರಟದ್ದು ಯಾವಾಗ ಎಂಬುದೇ ನನಗೆ ಗೊತ್ತಾಗಲಿಲ್ಲ.