ದೇವದಾಸ್ ಬರೆದಿಟ್ಟ ಉತ್ತರಗಳು

ದೇವದಾಸ್ ಹೋಗಿ ಇವತ್ತಿಗೆ ನಲವತ್ತು ದಿನ. ಕಾಮಾಲೆ ಎಂದರು, ಹನ್ನೊಂದು ದಿನದಲ್ಲಿ ಮುಗಿದುಹೋಯಿತು. ಅವನಿಗೆ ಮೂವತ್ತೈದು ವರ್ಷ.

1979ರಲ್ಲಿ ನಾನು ಜಯನಗರದ ಕಚೇರಿಗೆ ಪ್ರೋಗ್ರಾಮರ್ ಆಗಿ ಸೇರಿದಾಗ ಅವನು ಅಲ್ಲಿ ಆಪರೇಟರ್. ಕಂಪ್ಯೂಟರಿಗೆ ಲೆಕ್ಕದ ಟೇಪು ಹಾಕುವುದು, ತೆಗೆಯುವುದು, ಪ್ರಿಂಟರಿಗೆ ಕಾಗದ ತುಂಬುವುದು ಅವನ ಕೆಲಸ. ನಾನು ಕೋಣನಕುಂಟೆಯ ಹೊಲಗದ್ದೆ ಇದ್ದವರ ಮನೆಯವನು, ಅವನು ಹೊಸಕೆರೆಹಳ್ಳಿಯವನು. ನಮ್ಮೂರಿನಲ್ಲಾಗಿದ್ದರೆ ಅವನನ್ನು ನಮ್ಮ ಮನೆಯ ಜಗಲಿ ಹತ್ತಲು ಬಿಡುತ್ತಿರಲಿಲ್ಲ. ಕಚೇರಿಯಲ್ಲಿ ನಾವಿಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದೆವು.

ಇದ್ದದ್ದು ಒಂದೇ ಕಂಪ್ಯೂಟರ್. 1983ರಲ್ಲಿ ಬನಶಂಕರಿ, ಜೆ.ಪಿ. ನಗರದ ಶಾಖೆಗಳಿಗೂ ಟೆಲಿಫೋನ್ ತಂತಿ ಎಳೆದು, ಪರದೆ ಕೀಲಿಮಣೆಗಳ ಟರ್ಮಿನಲ್ ಕೊಟ್ಟರು. ಮೂರೂ ಕಡೆ ಸೇರಿ ನಲವತ್ತು ಪ್ರೋಗ್ರಾಮರುಗಳು ಒಬ್ಬರ ಮುಖ ಒಬ್ಬರು ನೋಡದೆ ಪರದೆಯ ಮೇಲೆ ಪ್ರಶ್ನೆ ಬರೆದುಕೊಳ್ಳತೊಡಗಿದೆವು. ಕೇಳಿದ್ದನ್ನೇ ಕೇಳುತ್ತಿದ್ದೆವು. ಸಾಲಿನ ಕೊನೆಗೆ ಪೂರ್ಣವಿರಾಮ ಹಾಕಲು ಮರೆತು ಪ್ರೋಗ್ರಾಮನ್ನೇ ಕೆಡಿಸಿಕೊಂಡು, ಕಂಪ್ಯೂಟರ್ ಕೆಟ್ಟಿದೆ ಎಂದು ದೂರುವವರು ವಾರಕ್ಕಿಬ್ಬರಾದರೂ ಇರುತ್ತಿದ್ದರು.

ಒಂದು ದಿನ ಎಲ್ಲರೂ ತೆರೆಯಬಹುದಾದ ಹೊಸ ಫೈಲೊಂದು ಕಾಣಿಸಿತು. ಅದರಲ್ಲಿ ಹದಿನಾಲ್ಕು ಪ್ರಶ್ನೆ, ಹದಿನಾಲ್ಕು ಉತ್ತರ. ಪರದೆಗೆ ಕನ್ನಡ ಬರುತ್ತಿರಲಿಲ್ಲವಾಗಿ ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಬರೆದವನು ದೇವದಾಸ್ ಎಂದು ಗೊತ್ತಿದ್ದದ್ದು ನನಗೊಬ್ಬನಿಗೇ.

ಅವನಿಗೊಂದು ಕ್ರಮವಿತ್ತು. ಮೂರು ಸಲ ಕೇಳಿಬಂದ ಪ್ರಶ್ನೆ ಮಾತ್ರ ಫೈಲಿಗೆ ಸೇರಬೇಕು. ಪ್ರಶ್ನೆ ಕೇಳಿದವರ ಮಾತಿನಲ್ಲೇ ಇರಬೇಕು. ಉತ್ತರವನ್ನು ಬೆಳಗ್ಗೆ ಏಳಕ್ಕೇ ಬಂದು ತಾನೇ ಮಾಡಿ ನೋಡುತ್ತಿದ್ದ. ಆಮೇಲೆ ನನ್ನನ್ನು ಕೂರಿಸಿ, "ಓದ್ಕೊಂಡು ಮಾಡು. ನನ್ನ ಮುಖ ನೋಡ್ಬೇಡ," ಎನ್ನುತ್ತಿದ್ದ. ನಾನು ತಡವರಿಸಿದ ಜಾಗಕ್ಕೆ ಪ್ರಿಂಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಆ ಸಾಲನ್ನು ಮತ್ತೆ ಬರೆಯುತ್ತಿದ್ದ. ತಾನೇ ತಪ್ಪು ಬರೆದಿದ್ದರೆ ಅಳಿಸುತ್ತಿರಲಿಲ್ಲ. ಅದರ ಕೆಳಗೆ 'ಇದು ತಪ್ಪು' ಎಂದು ಬರೆದು ತಾರೀಖು ಹಾಕುತ್ತಿದ್ದ.

"ಹೆಸ್ರು ಹಾಕೋ ಮಾರಾಯ," ಎಂದೆ.

"ಹಾಕಿದ್ರೆ ಉತ್ರ ಓದಲ್ಲ ಗುರು, ಹೆಸ್ರು ಓದ್ತಾರೆ. ಆಮೇಲೆ ಅಪ್ಪನ ಹೆಸ್ರು ಕೇಳ್ತಾರೆ. ಆಮೇಲೆ ಊರಲ್ಲಿ ಯಾವ ಬೀದಿ ಅಂತಾರೆ. ನಂಗ್ಯಾಕೆ?"

ಆದರೆ ಪ್ರೋಗ್ರಾಮರ್ ಆಗಬೇಕೆಂಬ ಆಸೆ ಅವನಿಗಿತ್ತು. ಟೇಪು ಹೊತ್ತು ಸಾಕಾಗಿತ್ತು. 1985ರಲ್ಲಿ ಆಪರೇಟರುಗಳಿಗೂ ಅವಕಾಶ ಕೊಟ್ಟರು. ಲಿಖಿತ ಪರೀಕ್ಷೆಯಲ್ಲಿ ಅವನೇ ಮೊದಲಿಗ. ಸಂದರ್ಶನ ಮಾಡಿದವರು ನಮ್ಮ ಮುಖ್ಯಾಧಿಕಾರಿ ಗುರುಶಾಂತಪ್ಪನವರು. ಅದು ಮುಗಿದ ಮೇಲೆ ಕ್ಯಾಂಟೀನಿಗೆ ಬಂದ ದೇವದಾಸ್ ಅವರ ದನಿಯಲ್ಲೇ ಎಲ್ಲವನ್ನೂ ಹೇಳಿದ.

"ಟೇಪಿನ ಕೊನೇ ರೆಕಾರ್ಡ್ ಎರಡು ಸಲ ಪ್ರಿಂಟ್ ಆಗುತ್ತೆ, ಯಾಕ್ರೀ, ಅಂದ್ರು. ಓದಿದ ತಕ್ಷಣ ಟೇಪ್ ಮುಗೀತಾ ಅಂತ ನೋಡ್ದೆ ಮುಂದಕ್ಕೋದ್ರೆ ಹಂಗಾಗುತ್ತೆ ಸಾರ್, ಅಂದೆ. ಇದು ಆ ಫೈಲ್‌ನಲ್ಲಿರೋದೇ ಅಲ್ವೇನ್ರೀ, ಬಾಯಿಪಾಠ ಮಾಡ್ಕೊಂಡ್ ಬಂದಿದೀರ, ಅಂದ್ರು."

"ನಾನೇ ಬರ್ದಿದ್ದು ಅನ್ಬೇಕಿತ್ತು!"

"ಅಷ್ಟರಲ್ಲಿ ಇನ್ನೊಂದ್ ಕೇಳಿದ್ರು. ಟೇಪಲ್ಲಿ ಒಂದೂ ರೆಕಾರ್ಡ್ ಇಲ್ದಿದ್ರೆ, ಸರಾಸರಿ ಹೆಂಗ್ ತೆಗೀತೀರ? ನಾನು ನಿಂತ್ಬಿಟ್ಟೆ. ನೋಡಿ, ಫೈಲ್‌ನಲ್ಲಿಲ್ಲ, ನಿಮ್ಗೆ ಬರಲ್ಲ, ಅಂದ್ರು." ಅವನು ಜೋರಾಗಿ ನಕ್ಕ. "ಒಳ್ಳೇ ಪ್ರಶ್ನೆ ಕಣೋ. ಸೊನ್ನೆಯಿಂದ ಭಾಗಿಸೋಕೆ ಹೋಗಿ ಪ್ರೋಗ್ರಾಂ ಬಿದ್ಹೋಗುತ್ತೆ. ಎರಡು ವರ್ಷದಿಂದ ನಮ್ ಫೈಲಲ್ಲಿ ಆ ತೂತು ಹಂಗೇ ಇದೆ."

ಆ ಸಂಜೆಯೇ ಆ ತೂತನ್ನು ಮುಚ್ಚಿದ. ಕೆಲಸ ಸಿಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ವಾರದ ನಂತರ ಅವನಿಗೆ ಹೇಳದೆ ಗುರುಶಾಂತಪ್ಪನವರ ಕೋಣೆಗೆ ಹೋದೆ. ಫೈಲು ಯಾರ ಖಾತೆಯಲ್ಲಿ ಹುಟ್ಟಿದೆ ಎಂಬುದನ್ನು ಅವರ ಟರ್ಮಿನಲ್ಲಿನಲ್ಲೇ ತೋರಿಸಿದೆ. ಅವರು ಖಾತೆಯ ಹೆಸರನ್ನು ಎರಡು ಸಲ ಓದಿದರು.

"ಇದನ್ನ ಅವರ್ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್."

ಒಳ್ಳೆಯ ಮನುಷ್ಯ, ತಪ್ಪು ಒಪ್ಪಿಕೊಂಡರು. ಮತ್ತೆ ಕರೆಸಿ ಸಂದರ್ಶನ ಮಾಡಿದರು. 1986ರ ಮಾರ್ಚಿನಲ್ಲಿ ದೇವದಾಸ್ ಪ್ರೋಗ್ರಾಮರ್ ಆದ. ಜೊತೆಗೆ, ಫೈಲು ಯಾರದೆಂಬುದು ಮೂರೂ ಕಚೇರಿಗಳಿಗೆ ತಿಳಿಯಿತು.

"ಆಪರೇಟರ್ ಬರ್ದಿದ್ದನ್ನಾ ನಾವ್ ಇಷ್ಟ್ ದಿನ ಓದಿದ್ದು?" ಎಂದು ಬನಶಂಕರಿಯವನೊಬ್ಬ ನನಗೆ ಫೋನಿನಲ್ಲೇ ಕೇಳಿದ. ಅವನು ಬಾಯಿಬಿಟ್ಟು ಹೇಳದೆ ಬಿಟ್ಟದ್ದೂ ನನಗೆ ಕೇಳಿಸಿತು. ಕೆಲವರು ಪ್ರಶ್ನೆಗಳನ್ನು ಪರದೆಗೆ ಹಾಕುವುದು ಬಿಟ್ಟು ನನ್ನ ಮೇಜಿಗೆ ತಂದರು. ನಾನು ಅವನನ್ನು ಕೇಳಿ ಅವರಿಗೆ ಹೇಳುತ್ತಿದ್ದೆ.

"ಈ ವಾರ ಎರಡೇ ಪ್ರಶ್ನೆ, ರಾಮಯ್ಯ," ಎಂದ ದೇವದಾಸ್ ಒಂದು ಶನಿವಾರ. ಊಟದ ಡಬ್ಬಿ ಮುಚ್ಚುತ್ತಾ, "ಕೆಲ್ಸ ಕೊಡಿಸ್ದೆ, ಸರಿ. ನನ್ನನ್ನೊಂದ್ ಮಾತು ಕೇಳ್ಬೇಕಿತ್ತು," ಎಂದ.

ಅದನ್ನು ಅವನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರಶ್ನೆಗಳು ನಿಧಾನವಾಗಿ ಮರಳಿ ಬಂದವು. ಪ್ರೋಗ್ರಾಂ ನಿಂತಾಗ ಯಾರ ಬಿಗುಮಾನವೂ ಬಹಳ ದಿನ ನಿಲ್ಲುವುದಿಲ್ಲ. ಎರಡು ವರ್ಷ ಒಟ್ಟಿಗೆ ಊಟ ಮಾಡಿದೆವು, ನಕ್ಕೆವು. ಅವನು ನನ್ನನ್ನು ಕ್ಷಮಿಸಿದ್ದನೋ ಇಲ್ಲವೋ ಎಂದು ಕೇಳಲು ದಿನಗಳು ಬೇಕಾದಷ್ಟಿವೆ ಎಂದುಕೊಂಡಿದ್ದೆ.

ಹೋದ ವಾರ ಕಚೇರಿಯವರು ಸೇರಿ, ಫೈಲಿನ ಮೊದಲ ಸಾಲಿಗೆ ಅವನ ಹೆಸರು ಹಾಕೋಣ ಎಂದರು. ಈಗ ಅದನ್ನು ನೋಡಿಕೊಳ್ಳುವವನು ನಾನೇ. ಒಮ್ಮೆ ಕೇಳದೆ ಮಾಡಿದವನಿಗೆ ಮತ್ತೆ ಹಾಗೆ ಮಾಡಲು ಕೈ ಬರಲಿಲ್ಲ. ಭಾನುವಾರ ಹೊಸಕೆರೆಹಳ್ಳಿಗೆ ಹೋಗಿ ಅವನ ತಾಯಿ ಸಪ್ಪಲಮ್ಮನವರ ಮುಂದೆ ಕೂತೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅವನ ಫೋಟೋ. ಫೈಲೆಂದರೇನು, ಹೆಸರು ಯಾಕೆ ಹಾಕಿಕೊಂಡಿರಲಿಲ್ಲ, ನಾನೇನು ಮಾಡಿದೆ, ಎಲ್ಲವನ್ನೂ ಹೇಳಿದೆ.

"ಅವ್ನಿಗೆ ಬ್ಯಾಡಾಗಿತ್ತು ಅಂತೀಯ," ಎಂದರು.

"ಹೌದಮ್ಮ."

"ಬದುಕಿರೋನಿಗೆ ದಿನಾ ಅವರ ಮುಖ ನೋಡ್ಬೇಕಿತ್ತಲ್ಲಪ್ಪ, ಅದ್ಕೆ. ಈಗೇನು? ಹಾಕು. ಹೆಸ್ರು ನೋಡಿ ಓದ್ದೆ ಹೋದೋನಿಗೇ ಲುಕ್ಸಾನು."

ಸೋಮವಾರ ಬೆಳಗ್ಗೆ ಏಳಕ್ಕೇ ಹೋಗಿ ಹಾಕಿದೆ. ದೇವದಾಸ್, ಕೆಳಗೆ ತಂದೆಯ ಹೆಸರು ಗಂಗಯ್ಯ, ಹೊಸಕೆರೆಹಳ್ಳಿ.

ಈ ವಾರ ಒಂಬತ್ತು ಪ್ರಶ್ನೆ ಬಂದಿವೆ, ಎರಡು ಬನಶಂಕರಿಯಿಂದ. ಐದಕ್ಕೆ ಉತ್ತರ ಬರೆದೆ. ನಾಲ್ಕು ನನಗೆ ಗೊತ್ತಿಲ್ಲ. ಅವನಿಗೆ ಗೊತ್ತಿರುತ್ತಿತ್ತು.