ಮಂಜಪ್ಪನ ಹೆಸರಿನಲ್ಲಿರುವ ಒಂದೇ ಒಂದು ತಪ್ಪು

ಇಲ್ಲ... ಸುಳ್ಳಿರಬೇಕು.
ಬೆಳಗ್ಗೆ ಫೋನ್ ಬಂದಾಗ ಇದನ್ನೇ ಅಂದೆ. ಈಗಲೂ ಅದನ್ನೇ ಅನ್ನುತ್ತಿದ್ದೇನೆ.

ಉಳವಿಯ ನಮ್ಮ ಮಂಜಪ್ಪ ಇಲ್ಲವಂತೆ...
ಎದೆನೋವು ಅಂದನಂತೆ. ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

ಸೊರಬ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಉಳವಿ ಬಸ್ಸು ಇನ್ನೂ ಬಂದಿಲ್ಲ.
ಬರೆಯಲು ಹೇಳಿದವರು ಅವನ ಹೆಂಡತಿ ಸುಜಾತಕ್ಕ.
"ರುದ್ರೇಶಣ್ಣ, ಫೋನಲ್ಲಿ ಎಲ್ರಿಗೂ ಕಾಣೋ ಹಂಗೆ ನೀವೇ ಎರಡು ಮಾತು ಬರೀರಿ. ಅವ್ರ ಕೆಲ್ಸದ್ದು ನಮಗೆಂತ ಗೊತ್ತು..."

ನಮ್ಮ ವರ್ಕ್‌ಶಾಪಿನ ಗ್ರೂಪಿನಲ್ಲಿ ಚೀಫ್ ಸಾಹೇಬರು ಆಗಲೇ ಬರೆದಿದ್ದಾರೆ.
"ಮಂಜಪ್ಪ ಅಪ್ಪಟ ಕೆಲಸಗಾರ. ಇಡೀ ಸರ್ವೀಸಿನಲ್ಲಿ ಒಂದೇ ಒಂದು ತಪ್ಪು ಮಾಡಿದ್ದ" ಅಂತ.
ಕೆಳಗೆ ಎಲ್ಲರೂ ಕೈಮುಗಿದಿದ್ದಾರೆ. ನಾನೂ ಮುಗಿದಿದ್ದೇನೆ.
ಆ ಒಂದು ತಪ್ಪಿನ ವಿಷಯ ನಾನು ಹೇಳಲೇಬೇಕು. ಹೇಳಿದರೆ ನಾಳೆ ನನ್ನ ಕುರ್ಚಿ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ಮೊದಲು ಇದನ್ನು ಕೇಳಿ. ನಾನು ಅವನ ಆಪ್ತ ಗೆಳೆಯ ಅಂತಷ್ಟೇ ಬರೆದರೆ ಅರ್ಧ ಸುಳ್ಳು.
ಹದಿನೆಂಟು ವರ್ಷ ಅವನನ್ನು ಕಂಡು ಹೊಟ್ಟೆ ಉರಿದುಕೊಂಡವನು ನಾನು.

ನಾನು ಶಿಕಾರಿಪುರದವನು, ಅವನು ಸೊರಬದ ಕಡೆಯವನು. ಕೆಲಸ ಶಿವಮೊಗ್ಗದಲ್ಲಿ, ಲೋಹ ಕಾಯಿಸಿ ಹದ ಮಾಡುವ ಒಂದು ಹೀಟ್ ಟ್ರೀಟ್‌ಮೆಂಟ್ ವರ್ಕ್‌ಶಾಪಿನಲ್ಲಿ. ಶನಿವಾರ ಊರಿಗೆ ಇಬ್ಬರೂ ಒಂದೇ ಬಸ್ಸು, ಸೋಮವಾರ ವಾಪಸ್ಸೂ ಒಂದೇ ಬಸ್ಸು.
ಕರೆಂಟ್ ತಯಾರಿಸುವ ಗ್ಯಾಸ್ ಟರ್ಬೈನ್‌ಗಳ ಬ್ಲೇಡ್‌ಗಳು ನಮ್ಮಲ್ಲಿಗೆ ಬರುತ್ತಿದ್ದವು. ನಿಕಲ್ ಸೂಪರ್ ಅಲಾಯ್ ಎಂಬ, ಭಾರೀ ಕಾವು ತಡೆಯುವ ಮಿಶ್ರಲೋಹದವು. ವರ್ಷಗಟ್ಟಲೆ ಬೆಂಕಿಯಲ್ಲಿ ದುಡಿದು ಸುಸ್ತಾದವು.
ಹೊರಗೆ ನೋಡಿದರೆ ಏನೂ ಆಗಿರುತ್ತಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಒಳಗೆ ಬಲ ಕೊಡುವ ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪಗಾಗಿರುತ್ತಿದ್ದವು. ಅವನ್ನು ಮತ್ತೆ ಮೊದಲಿನಂತೆ ಮಾಡುವುದು ನಮ್ಮ ಕೆಲಸ.

ಮೊದಲ ಸಲ ಗಿರಾಕಿ ಕಂಪನಿಯವರು ಬಂದಾಗ ಅರ್ಧ ಗಂಟೆ ಸ್ಲೈಡ್ ತೋರಿಸಿದೆ. ಎಂ.ಟೆಕ್ ಓದಿದವನು ನಾನು! ಅವರು ಆಕಳಿಸಿದರು.
ಆಗ ಈ ಡಿಪ್ಲೊಮಾ ಮಹಾಶಯ ಎದ್ದ.

"ಸಾರ್, ನೀರಾಗಿರೋ ಜೋನಿಬೆಲ್ಲ ಇಟ್ಟೂ ಇಟ್ಟೂ ತಳದಲ್ಲಿ ಹರಳು ಕಟ್ತದೆ. ಎಸೀತಾರಾ? ಹದವಾಗಿ ಕಾಯಿಸಿದ್ರೆ ಕರಗ್ತದೆ. ಇದೂ ಹಂಗೇ. ದಪ್ಪ ಕಣ ಕರಗಿಸೋದು, ಬೇಗ ಆರಿಸೋದು, ಮತ್ತೆ ಕಮ್ಮಿ ಕಾವಲ್ಲಿ ಇಡೋದು. ಸಣ್ಣಸಣ್ಣ ಕಣ ವಾಪಸ್ ಬರ್ತಾವೆ. ಕಾವು ಜಾಸ್ತಿ ಆದ್ರೆ ಮಾತ್ರ ಬ್ಲೇಡೇ ಕರಗಕ್ಕೆ ಹತ್ತತದೆ."

ಅವನ ಕೈಕುಲುಕಿ ಹೋದರು. ನನ್ನ ಹೆಸರನ್ನೂ ಕೇಳಲಿಲ್ಲ.
ಮನೆಗೆ ಬಂದರೆ ನನ್ನ ಹೆಂಡತಿ ಬೇರೆ, "ಮಂಜಪ್ಪಣ್ಣನ ಹಂಗ ಒಂಚೂರು ನಗಬಾರದೇನ್ರೀ?" ಅನ್ನುತ್ತಿದ್ದಳು.
ಉರಿಯದೆ ಇನ್ನೇನಾಗುತ್ತದೆ ಹೇಳಿ...

ಮಂಜಪ್ಪ...
ಇನ್ನು ನಿನ್ನ ಹತ್ತಿರವೇ ಮಾತಾಡುತ್ತೇನೆ ಕಣೋ.

ಆ ಟ್ರಯಲ್ ಬ್ಲೇಡ್‌ಗಳು ನೆನಪಿವೆಯಾ? ಇಡೀ ಬ್ಲೇಡೇ ಒಂದು ಹರಳಾಗಿ ಎರಕ ಹೊಯ್ದಂಥವು.
ಗೇರ್ ಇರಲಿ, ಶಾಫ್ಟ್ ಇರಲಿ, ಬಂದ ತಕ್ಷಣ ಗುರುತಿಗೆ ಅದರ ಮೈಮೇಲೆ ಸುತ್ತಿಗೆಯಿಂದ ನಂಬರ್ ಪಂಚ್ ಹೊಡೆಯುವುದು ನಮ್ಮಲ್ಲಿ ರೂಢಿ.
ನೀನು ಬಂದು ಹೇಳಿದೆ.
"ರುದ್ರೇಶ, ಇವಕ್ಕೆ ಪಂಚ್ ಬ್ಯಾಡ ಮಾರಾಯ. ತಂತೀಲಿ ಟ್ಯಾಗ್ ಕಟ್ಟು. ಪೆಟ್ಟು ಬಿದ್ದ ಜಾಗ ಅಷ್ಟು ಕಾವಿಗೆ ಹೋದ್ರೆ ಅಲ್ಲಿ ಬೇರೆ ಹರಳು ಹುಟ್ತಾವೆ, ಆಮೇಲೆ ಅಲ್ಲೇ ಬಿರುಕು ಬಿಡ್ತದೆ."

ನನಗೂ ಗೊತ್ತಿತ್ತು. ಓದಿದ್ದೆ. ಆದರೆ ಹೇಳಿದವನು ನೀನಾಗಿದ್ದೆಯಲ್ಲ!
"ಬುಡದಾಗ ಹೊಡೆದ್ರ ಏನೂ ಆಗಂಗಿಲ್ಲ, ಹೋಗಲೇ" ಅಂದೆ.
ನೀನು ಊಟಕ್ಕೆ ಹೋದೆ. ನಾನು ಹೊಡೆದೆ. ಒಂದನ್ನೂ ಬಿಡಲಿಲ್ಲ.

ಫರ್ನೇಸಿನಿಂದ ಹೊರಬಂದ ಮೇಲೆ ಕಣಗಳೆಲ್ಲ ಹೊಸದರಂತೆ ಸಣ್ಣಗಾಗಿದ್ದವು... ನಂಬರಿನ ಸುತ್ತ ಮಾತ್ರ ಬೇಡದ ಹರಳುಗಳ ಗುಂಪು. ಇಡೀ ಸೆಟ್ ಗುಜರಿಗೆ.
ಮೈಕ್ರೋಸ್ಕೋಪಿನಲ್ಲಿ ಅದನ್ನು ಮೊದಲು ಕಂಡವನೂ ನೀನೇ. ಥೂ, ಅಲ್ಲೂ ನೀನೇ!

ಚೀಫ್ ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಕೇಳಿದರು, "ಪಂಚ್ ಹೊಡ್ದಿದ್ದು ಯಾರ್ರೀ?"
ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ರಿಜಿಸ್ಟರ್ ತಿರುವತೊಡಗಿದೆ.
"ನಾನೇ ಸಾರ್. ಅಭ್ಯಾಸಬಲ" ಅಂದುಬಿಟ್ಟೆ ನೀನು.

ಆ ಶನಿವಾರ ಬಸ್ಸಿನಲ್ಲಿ ನಾನು ಕೇಳಿದೆ, "ಯಾಕಲೇ ಹಂಗಂದಿ?"
"ನಿಂದಿನ್ನೂ ಪರ್ಮನೆಂಟ್ ಆಗಿಲ್ಲಲ... ತಗ, ಶೇಂಗಾ ತಿನ್ನು."

ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ.
ಮುಂದೆ ಸೆಕ್ಷನ್ ಇನ್‌ಚಾರ್ಜ್ ಆದವನು ನಾನು. ನಿನ್ನ ಫೈಲಿನಲ್ಲಿ ಆ ತಪ್ಪು ಇತ್ತಲ್ಲ...
ಆಗಲಾದರೂ ನಿನ್ನ ಮೇಲೆ ಪ್ರೀತಿ ಬಂತಾ? ಇಲ್ಲ. ಇನ್ನೂ ಉರಿ. ನನ್ನ ತಪ್ಪನ್ನು ಹೊತ್ತುಕೊಂಡು ನೀನು ದೊಡ್ಡವನಾಗಿಬಿಟ್ಟೆಯಲ್ಲ ಅಂತ. ಕುರ್ಚಿಯಲ್ಲಿ ನಾನು ಕೂತಿದ್ದರೂ ಬಂದವರೆಲ್ಲ ಕೇಳುತ್ತಿದ್ದುದು, "ಮಂಜಪ್ಪಣ್ಣ ಎಲ್ಲಿ?"

ಇವತ್ತು ಫೋನ್ ಇಡುವ ಮೊದಲು ಸುಜಾತಕ್ಕ ಅಳುತ್ತಲೇ ಇನ್ನೊಂದು ಮಾತು ಹೇಳಿದರು.
"ನಿಮ್ಮ ಓದು ಕಂಡ್ರೆ ಅವ್ರಿಗೆ ಹೊಟ್ಟೆಕಿಚ್ಚಿತ್ತು ಕಣ್ರೀ ಅಣ್ಣ. ರುದ್ರೇಶನಂಗೆ ನಾನೂ ಓದ್ಬೇಕಿತ್ತು ಅಂತ ಯಾವಾಗ್ಲೂ ಅಂತಿದ್ರು... ನಗ್ತಾ."

ನಗುತ್ತಾ ಅಂತೆ.
ಹೊಟ್ಟೆಕಿಚ್ಚು ಪಡುವುದರಲ್ಲೂ ನೀನೇ ಮೇಲಾದೆ ನೋಡು...

ಚೀಫ್ ಸಾಹೇಬರೇ, ಗ್ರೂಪಿನಲ್ಲಿ ಬರೆದ ಆ ಒಂದು ಸಾಲು ದಯವಿಟ್ಟು ಅಳಿಸಿ. ಪಂಚ್ ಹೊಡೆದವನು ನಾನು. ಮಂಜಪ್ಪ ಬೇಡ ಅಂದ ಮೇಲೂ, ಬೇಕಂತಲೇ ಹೊಡೆದೆ. ಕುರ್ಚಿಯ ವಿಷಯ ನಿಮಗೆ ಬಿಟ್ಟದ್ದು.
ಸುಜಾತಕ್ಕ, ಬರೆಯಿರಿ ಅಂದಿರಿ. ನನಗೆ ಗೊತ್ತಿದ್ದದ್ದು ಇದು.

ಮಂಜಪ್ಪ, ಈಗ ನಿನ್ನ ಹೆಸರಿನಲ್ಲಿ ಆ ಒಂದು ತಪ್ಪೂ ಉಳಿಯಲಿಲ್ಲ.
ಅದಕ್ಕೂ ಹೊಟ್ಟೆ ಉರಿಯುತ್ತಿದೆ ಕಣೋ...

ಬಸ್ಸು ಬಂತು. ನಿನ್ನ ಮುಖ ನೋಡಲು ಬರುತ್ತಿದ್ದೇನೆ.
ಹೋಗಿ ಬಾ ಗೆಳೆಯ... ಎಲ್ಲಿದ್ದರೂ ನಿನ್ನ ಜೀವ ತಣ್ಣಗಿರಲಿ.